ಕಾಯಿ ಮುಟ್ಟಿಸಿದ ಓಟು

ತೆಂಗಿನಕಾಯಿ ಕೊಳ್ಳುವಾಗ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವ ಅಭ್ಯಾಸ ನಿಮಗೂ ಇರಬಹುದು. ನನಗಂತೂ ಅದು ಹುಟ್ಟಿನಿಂದ ಬಂದದ್ದು. ನಾನು ತಿಪಟೂರಿನ ಕಡೆಯವನು. 'ನಿಮ್ಮ ಕಡೆ ಮಕ್ಕಳು ಗಿಲಕಿಗೆ ಮೊದಲು ಕಾಯಿ ಅಲ್ಲಾಡಿಸುತ್ತವೆ' ಎಂದು ನನ್ನ ಹೆಂಡತಿಯ ತವರಿನವರು ಆಡಿಕೊಳ್ಳುತ್ತಿದ್ದರು. ನಮ್ಮಪ್ಪ ಕೊಬ್ಬರಿ ಮಂಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದವರು. ಕಣ್ಣು ಮುಚ್ಚಿಕೊಂಡು, ಸದ್ದು ಕೇಳಿಯೇ, ಇದು ಬಲಿತದ್ದು, ಇದು ಎಳೆಯದು, ಇದರೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉರುಳುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಆ ವಿದ್ಯೆ ನನಗೂ ಬಂದಿದೆ ಎಂದು ಅರವತ್ತು ದಾಟುವವರೆಗೂ ನಂಬಿಕೊಂಡಿದ್ದೆ.

ಈಗ ಕಾಯಿ ಕೈಗೆತ್ತಿಕೊಂಡರೆ ಮೊದಲು ಎದೆ ಧಸಕ್ಕೆನ್ನುತ್ತದೆ. ಅದರ ಕಾರಣವನ್ನು ಹೇಳಿಬಿಡಬೇಕು. ಬಹಳ ವರ್ಷ ಒಳಗಿಟ್ಟುಕೊಂಡೆ. ವಯಸ್ಸಾದವನ ಹೊಟ್ಟೆಯಲ್ಲಿ ಅನ್ನವೇ ನಿಲ್ಲುವುದಿಲ್ಲ, ಇಂಥ ಮಾತು ಎಲ್ಲಿ ನಿಲ್ಲುತ್ತದೆ?

ಆಕ್ಲೆಂಡಿಗೆ ನಾನು ಬಂದದ್ದು ಮಗಳ ಮನೆಗೆ. ಹೆಂಡತಿ ತೀರಿಕೊಂಡ ಮೇಲೆ ಶೈಲಾ, 'ಅಪ್ಪಾ, ಅಲ್ಲಿ ಒಬ್ಬನೇ ಸಾರು ಕಾಯಿಸಿಕೊಂಡು ಕೂತ್ಕೋಬೇಡ' ಎಂದು ಕರೆಸಿಕೊಂಡಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅಳಿಯ ಮಹೇಶ ಬಸ್ಸು ಓಡಿಸುತ್ತಿದ್ದ. ಇಬ್ಬರದೂ ಪಾಳಿ ಕೆಲಸ. ಮೊಮ್ಮಗಳು ಅನು ನಾವಿದ್ದ ಒನೆಹುಂಗಾ ಬಡಾವಣೆಯ ಒಂದು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಳು. ನಾನು ಕನ್ನಡದಲ್ಲಿ ಏನೇ ಕೇಳಿದರೂ ಅವಳಿಗೆ ಅರ್ಥವಾಗುತ್ತಿತ್ತು, ಏನೇ ಉತ್ತರ ಕೊಟ್ಟರೂ ಇಂಗ್ಲಿಷಿನಲ್ಲಿ ಕೊಡುತ್ತಿದ್ದಳು. ಎರಡು ಕಡೆಯೂ ಓಡಾಟವಿದ್ದು, ಬೇರೆ ಬೇರೆ ಹಳಿಯ ಮೇಲೆ ಹೋಗುವ ರೈಲಿನ ಹಾಗೆ ನಮ್ಮ ಮಾತುಕತೆ.

ಬಂದ ಹೊಸದರಲ್ಲೇ ಒಂದು ಶನಿವಾರ ಮುಖ್ಯ ಬೀದಿಯ ತರಕಾರಿ ಅಂಗಡಿಗೆ ಹೋದೆ. ಪೆಸಿಫಿಕ್ ಸಾಗರದ ದ್ವೀಪಗಳಿಂದ ಬರುವ ಕಾಯಿಗಳನ್ನು ಅಲ್ಲಿ ಒಂದು ತಂತಿ ಬುಟ್ಟಿಗೆ ಸುರಿದಿರುತ್ತಾರೆ. ನಾನು ಒಂದನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದೆ. ಪಕ್ಕದಲ್ಲಿ ಟೊಮೆಟೊ ಆರಿಸುತ್ತಿದ್ದ ಬಿಳಿಯ ಅಜ್ಜಿ, ಈ ಮನುಷ್ಯ ಯಾರಿಗೆ ಫೋನು ಮಾಡುತ್ತಿದ್ದಾನೆ ಎಂಬಂತೆ ನೋಡಿದರು. ತಲೆಯೆತ್ತಿದರೆ, ಬುಟ್ಟಿಯ ಆಚೆ ಬದಿಯಲ್ಲಿ, ಕಿವಿಯ ಮೇಲೆ ಹೂವಿಟ್ಟುಕೊಂಡ ದಪ್ಪನೆಯ ಹೆಂಗಸೊಬ್ಬಳು ಅದೇ ಭಂಗಿಯಲ್ಲಿ ಕಾಯಿ ಅಲ್ಲಾಡಿಸುತ್ತಿದ್ದಾಳೆ! ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳು ಸಲೀಸಾಗಿ ಕೈಚಾಚಿ ನನ್ನ ಕಾಯಿ ಕಿತ್ತುಕೊಂಡು, ತನ್ನ ಕಿವಿಗೆ ಹಿಡಿದು, ಅಲ್ಲಾಡಿಸಿ, "ಇದು ಬೇಡ ಅಂಕಲ್" ಎಂದು ಬುಟ್ಟಿಗೆ ಹಾಕಿದಳು. (ಅವಳ ಮಾತೆಲ್ಲ ಇಂಗ್ಲಿಷು, ನನಗೆ ಬರುವ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ತಿಪಟೂರಿನವನ ಕೈಯಿಂದ ಕಾಯಿ ಕಿತ್ತು ಬೇಡ ಎನ್ನುವುದೇ! ಹಟಕ್ಕೆ ಅದನ್ನೇ ಎತ್ತಿಕೊಂಡು ಬಂದೆ. ಮನೆಯಲ್ಲಿ ಒಡೆದರೆ ಒಳಗೆ ಕಪ್ಪು. ಆ ವಾಸನೆಗೆ ಅನು ಮೂಗು ಹಿಡಿದುಕೊಂಡು ಅಂಗಳಕ್ಕೆ ಓಡಿದಳು.

ಆ ಹೆಂಗಸೇ ಸೀನಾ. ಸಮೋವಾ ದ್ವೀಪದವಳು. ಸೋಮವಾರ ಶಾಲೆಯ ಗೇಟಿಗೆ ಹೋದಾಗ ಗೊತ್ತಾಯಿತು, ನನ್ನ ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದವಳೂ ಅವಳೇ ಎಂದು. ಶಾಲೆಯ ಹಿಂಭಾಗದಲ್ಲಿ ಒಂದು ಹಳೆಯ ಮರದ ಕೊಠಡಿ ಇತ್ತು. ಇಲ್ಲಿಯವರು ಪ್ರಿಫ್ಯಾಬ್ ಎನ್ನುತ್ತಾರೆ. ಮೂರು ಗಂಟೆಗೆ ಶಾಲೆ ಬಿಟ್ಟ ಮೇಲೆ, ಅಪ್ಪ ಅಮ್ಮ ಕಾರ್ಖಾನೆಯಿಂದಲೋ ಆಸ್ಪತ್ರೆಯಿಂದಲೋ ಬರುವವರೆಗೆ, ಮಕ್ಕಳು ಅಲ್ಲಿರುತ್ತಿದ್ದವು. ಸೀನಾ ಅವಕ್ಕೆ ಬ್ರೆಡ್ಡಿಗೆ ಜಾಮ್ ಹಚ್ಚಿಕೊಟ್ಟು, ಹೋಮ್‌ವರ್ಕ್ ಮಾಡಿಸಿ, ಹಾಡು ಹೇಳಿಸಿ, ಜಗಳ ಬಿಡಿಸುತ್ತಿದ್ದಳು. ಅವಳ ಕೊನೆಯ ಮಗ ಅದೇ ಶಾಲೆಯಲ್ಲಿ ಓದುತ್ತಿದ್ದ. ಮಗಳು ಅಳಿಯ ನೆಮ್ಮದಿಯಾಗಿ ಪಾಳಿಗೆ ಹೋಗುತ್ತಿದ್ದದ್ದು ಆ ಕೊಠಡಿಯ ದೆಸೆಯಿಂದ. ನಾನು ಬಂದ ಮೇಲೂ ಅನು ಅಲ್ಲಿಂದ ಬರಲು ಒಪ್ಪುತ್ತಿರಲಿಲ್ಲ. ನಾನೇ ಚಳಿಗೆ ಉಣ್ಣೆಯ ಟೋಪಿ ಹಾಕಿಕೊಂಡು ಹೋಗಿ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂರುತ್ತಿದ್ದೆ.

ಒಂದು ದಿನ ಸೀನಾ ಬ್ರೆಡ್ಡಿಗೆ ಜಾಮ್ ಸವರುತ್ತಾ, "ಅಂಕಲ್, ಸ್ಕೂಲ್ ಬೋರ್ಡ್ ಎಲೆಕ್ಷನ್ ಬರ್ತಿದೆ. ನೀನೂ ನಿಂತ್ಕೋ" ಎಂದಳು.

ನಾನು ತಮಾಷೆ ಎಂದುಕೊಂಡೆ. ನಮ್ಮೂರಲ್ಲಿ ಹೆಡ್‌ಮಾಸ್ತರರ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೆಮ್ಮಿ, ಅವರು ತಲೆಯೆತ್ತುವವರೆಗೆ ನಿಂತಿದ್ದವನು ನಾನು. ಅದೂ ನನ್ನ ಮಗಳು ಅಲ್ಲಿ ಮೊದಲನೇ ರ‍್ಯಾಂಕು ಬಂದಾಗ. ಇಲ್ಲಿ ಮಕ್ಕಳ ತಂದೆತಾಯಿಗಳೇ ಐದು ಜನರನ್ನು ಆರಿಸುತ್ತಾರಂತೆ, ಅವರು ಪ್ರಿನ್ಸಿಪಾಲರ ಜೊತೆ ಕೂತು ಶಾಲೆ ನಡೆಸುತ್ತಾರಂತೆ, ಪ್ರಿನ್ಸಿಪಾಲರನ್ನು ಕೆಲಸಕ್ಕೆ ತೆಗೆದುಕೊಳ್ಳುವವರೂ ಅವರೇ ಅಂತೆ! ಕೇಳಿ ದಂಗಾದೆ.

"ನಾನು ತಂದೆಯಲ್ಲ, ತಾತ" ಎಂದೆ.

"ಪರವಾಗಿಲ್ಲ. ಮಗು ಇರೋರು ಯಾರಾದ್ರೂ ಹೆಸರು ಸೂಚಿಸಿದ್ರೆ ಸಾಕು. ನಾನು ಸೂಚಿಸ್ತೀನಿ. ನಾನೂ ನಿಲ್ತಿದ್ದೀನಿ." ಚಾಕು ಕೆಳಗಿಟ್ಟು ಚಾವಣಿ ತೋರಿಸಿದಳು. ಅಲ್ಲಿ ನೀರು ಸೋರಿದ ಕಲೆ ಒಂದು ದೊಡ್ಡ ದೋಸೆಯಷ್ಟಾಗಿತ್ತು. "ಇದನ್ನ ತೆಗೆಸಿ ಕಾರು ನಿಲ್ಲಿಸೋ ಜಾಗ ಮಾಡ್ಬೇಕು ಅಂತ ಮಾತಾಡ್ತಿದ್ದಾರೆ. ಬೋರ್ಡಲ್ಲಿ ನಾವಿಬ್ಬರು ಇದ್ದರೆ ರೂಮು ಉಳಿಯುತ್ತೆ. ದಿನಾ ಇಲ್ಲಿ ಬಂದು ಕೂರೋನು ನೀನೊಬ್ಬನೇ."

ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮುದುಕನಿಗೆ ಇದಕ್ಕಿಂತ ದೊಡ್ಡ ಮಾತು ಏನು ಬೇಕು? ಆಯಿತು ಎಂದೆ. ಕೊಠಡಿಗಾಗಿ ಒಪ್ಪಿದೆ ಎಂದು ಬರೆಯಲು ಆಸೆ. ನಿಜ ಹೇಳಬೇಕೆಂದರೆ, ಊರಿನವರಿಗೆ ಫೋನಿನಲ್ಲಿ 'ನ್ಯೂಜಿಲೆಂಡಿನಲ್ಲಿ ಎಲೆಕ್ಷನ್ನಿಗೆ ನಿಂತಿದ್ದೀನಿ' ಎನ್ನುವ ಹುಮ್ಮಸ್ಸೇ ಹೆಚ್ಚಾಗಿತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಊರಿನ ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೆ. ಗುಮಾಸ್ತ ಎಂದರೆ ಲೆಕ್ಕ ಬರೆಯುವವನು ಎಂದು ತಿಳಿಯಬೇಡಿ. ಚುನಾವಣೆ ಬಂತೆಂದರೆ ಅಧ್ಯಕ್ಷರ ಬಲಗೈ ನಾನೇ. ಎರಡು ಕೆಲಸಕ್ಕೆ ನನ್ನನ್ನು ಬಿಟ್ಟರೆ ಇಲ್ಲ ಎನ್ನುತ್ತಿದ್ದರು. ಒಂದು, ಕಾಯಿ ಮುಟ್ಟಿಸುವುದು. ಮನೆಮನೆಗೂ ತೆಂಗಿನಕಾಯಿ ಹಿಡಿದು ಹೋಗಿ, ದೇವರ ಪಟದ ಮುಂದೆ ಇಟ್ಟು, ಮನೆಯವರು ಅದರ ಮೇಲೆ ಕೈಯಿಟ್ಟು 'ನಿಮಗೇ ಹಾಕ್ತೀವಿ' ಎನ್ನುವ ಹಾಗೆ ಮಾಡುವುದು. ಮಾತು ತಪ್ಪಿದರೆ ಮನೆದೇವರು ನೋಡಿಕೊಳ್ಳುತ್ತಾನೆ, ನಾವು ಹೆದರಿಸಬೇಕಾಗಿಲ್ಲ. ಇನ್ನೊಂದು, ಸಿಂಗಲ್ ಓಟು. ಐದು ಸ್ಥಾನಕ್ಕೆ ಐದು ಓಟು ಹಾಕಬಹುದು ಎಂದಿದ್ದರೆ ದಡ್ಡ ಐದೂ ಹಾಕುತ್ತಾನೆ. ಬುದ್ಧಿವಂತ ನಮ್ಮವನಿಗೊಂದೇ ಹಾಕಿ ಉಳಿದದ್ದನ್ನು ಖಾಲಿ ಬಿಡುತ್ತಾನೆ. ಆಗ ನಮ್ಮವನು ಏರುತ್ತಾನೆ, ಉಳಿದವರು ಇದ್ದಲ್ಲೇ ಇರುತ್ತಾರೆ. ಇದರಲ್ಲಿ ಅಕ್ರಮ ಏನೂ ಇಲ್ಲ. ಇಲ್ಲವಲ್ಲ ಎಂಬುದೇ ಅದರ ಅಪಾಯ.

ನಮ್ಮಪ್ಪ ಮಾತ್ರ ಸಾಯುವವರೆಗೂ ಕಾಯಿ ಮುಟ್ಟಲಿಲ್ಲ. 'ಕಾಯಿ ತೂಗೋನು ನಾನು. ಅದರ ಮೇಲೆ ಮಾತು ತೂಗ್ಬೇಡ, ಹೋಗಲಾ' ಎಂದು ನನ್ನನ್ನು ಜಗುಲಿಯಿಂದಲೇ ಕಳಿಸುತ್ತಿದ್ದರು. ಹಳೆಯ ಕಾಲದವರು ಎಂದು ನಾನು ನಗುತ್ತಿದ್ದೆ.

ಆಕ್ಲೆಂಡಿನ ಚುನಾವಣೆ ನೋಡಿ ನನಗೆ ಅಯ್ಯೋ ಎನಿಸಿತು. ಅಭ್ಯರ್ಥಿ ತನ್ನ ಬಗ್ಗೆ ನಾಲ್ಕು ಸಾಲು ಬರೆದು ಫೋಟೋ ಕೊಟ್ಟರೆ ಮುಗಿಯಿತು. ಓಟಿನ ಚೀಟಿ ಅಂಚೆಯಲ್ಲಿ ಮನೆಗೇ ಬರುತ್ತದೆ. ಅಡುಗೆಮನೆಯ ಮೇಜಿನ ಮೇಲೆ, ಚಹಾ ಕುಡಿಯುತ್ತಾ ಟಿಕ್ ಹಾಕಿ ಕಳಿಸುವುದು. ಮೈಕಿಲ್ಲ, ಚಿಹ್ನೆಯಿಲ್ಲ, ಕೈಮುಗಿಯುವವರಿಲ್ಲ. ಎಂಟೋ ಒಂಬತ್ತೋ ಜನ ನಿಂತಿದ್ದರು. ಯಾರೂ ಯಾರ ಮನೆಗೂ ಹೋಗಲಿಲ್ಲ. ಇವರಿಗೆ ಗೆಲ್ಲುವ ಆಸೆಯೇ ಇಲ್ಲವಲ್ಲ ಎಂದುಕೊಂಡೆ. ಮಾರನೆಯ ದಿನವೇ ಒಂದು ಕಾಯಿ ಕೊಂಡು ಹೊರಟೆ.

ಶಾಲೆಗೆ ಮಕ್ಕಳನ್ನು ಕಳಿಸುತ್ತಿದ್ದ ಕನ್ನಡದವರ ಮನೆಗಳು ಒಂದಷ್ಟಿದ್ದವು, ಜೊತೆಗೆ ತೆಲುಗಿನವರು, ಗುಜರಾತಿಗಳು. ಮೊದಲು ಧಾರವಾಡದ ಸವಿತಾಳ ಮನೆಗೆ ಹೋದೆ. ಅವಳು ಹತ್ತಿರದ ಒಂದು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಕಾಯಿ ನೋಡಿ, "ಬರ್ರಿ ಅಂಕಲ್, ಏನ್ ಹಬ್ಬಾರಿ ಇವತ್ತ?" ಎಂದಳು. ವಿಷಯ ಹೇಳಿದೆ.

"ಅಯ್ಯ, ಸಾಲಿ ಎಲೆಕ್ಷನ್‌ಗೆ ಆಣಿ ಯಾಕ್ರೀ? ನೀವ್ ಹೇಳಿದ್ರ ಹಂಗ ಹಾಕ್ತೇವಿ."

"ಬಾಯಿ ಮಾತು ಬೇರೆ ಕಣಮ್ಮ, ಕಾಯಿ ಮಾತು ಬೇರೆ."

"ಆತು ಬಿಡ್ರಿ. ನಿಮಗೊಂದು, ಸೀನಾ ಆಂಟಿಗೊಂದು ಹಾಕ್ತೇನಿ. ನಮ್ಮ ಹುಡುಗನ್ನ ತಮ್ಮ ಮಗನ್ನ ನೋಡ್ದಂಗ ನೋಡ್ತಾರ್ರಿ ಅವ್ರು."

"ಅಲ್ಲೇ ತಪ್ಪೋದು" ಎಂದೆ, ಪಾಠ ಹೇಳುವ ಮೇಷ್ಟ್ರ ಹಾಗೆ. "ಇದೇ ಶಾಲೆಗೆ ಮಕ್ಕಳನ್ನ ಕಳಿಸೋ ಅವಳ ಚರ್ಚಿನವರು ಸೀನಾಗೆ ಸಾಲುಸಾಲಾಗಿ ಹಾಕ್ತಾರೆ. ಅವಳು ಗೆದ್ದಂಗೇ. ನನಗೆ ಯಾರಿದ್ದಾರೆ? ನೀವೇ. ನನಗೊಂದೇ ಟಿಕ್ ಹಾಕಿ, ಮಿಕ್ಕಿದ್ದು ಖಾಲಿ ಬಿಡಿ. ಇಬ್ಬರೂ ಗೆಲ್ತೀವಿ."

ಅವಳು ಸೆರಗಿಲ್ಲದ ಭುಜವನ್ನು ದುಪಟ್ಟಾದಿಂದ ಮುಚ್ಚಿಕೊಂಡು ಕಾಯಿ ಮುಟ್ಟಿದಳು. ಹೀಗೆ ಮನೆಮನೆ ತಿರುಗಿದೆ. ದೊಡ್ಡ ಓದು ಓದಿದವರು, ಕಂಪ್ಯೂಟರಿನ ಮುಂದೆ ಕೂತು ಜಗತ್ತನ್ನೇ ಓಡಿಸುವವರು, ಮೊದಲು ನಕ್ಕು, ಆಮೇಲೆ ಕಾಲಿನ ಚಪ್ಪಲಿ ಬಿಟ್ಟು ಕೈಯಿಟ್ಟರು.

ಕೊನೆಗೆ ನಮ್ಮ ಮನೆ. ಮಹೇಶ ನಗುತ್ತಾ, "ಮಾವ, ಇದೇನು ಜಿಲ್ಲಾ ಪಂಚಾಯ್ತಿನಾ? ಬಿರಿಯಾನಿ ಯಾವಾಗ?" ಎಂದ. ಶೈಲಾ ನಗಲಿಲ್ಲ. "ಅಪ್ಪಾ, ಸೀನಾ ನಮಗೆ ಎಷ್ಟು ಮಾಡಿದ್ದಾಳೆ. ಅವಳ ಹೆಸರು ಖಾಲಿ ಬಿಡು ಅಂತೀಯಾ?"

"ಅವಳು ಗೆಲ್ತಾಳೆ ಕಣವ್ವ. ನಿನ್ನ ಅಪ್ಪ ಸೋತು ಗೇಟಲ್ಲಿ ನಿಲ್ಲೋದು ನೋಡಕ್ಕೆ ಚೆನ್ನಾಗಿರುತ್ತಾ?"

ಅವಳು ಕಾಯಿ ಮುಟ್ಟಿದಳು. ಅನು ಸೋಫಾದ ಮೇಲಿಂದ, "ತಾತಾ, ದಟ್ಸ್ ಸೋ ನಾಟ್ ಫೇರ್" ಎಂದಳು. ಮಕ್ಕಳಿಗೇನು ಗೊತ್ತು ಎಂದೆ.

ಫಲಿತಾಂಶವನ್ನು ಆಫೀಸಿನ ಕಿಟಕಿಗೆ ಅಂಟಿಸಿದರು. ಎಲ್ಲರಿಗಿಂತ ಮೇಲೆ ನನ್ನ ಹೆಸರು. ಕನ್ನಡಕ ಒರೆಸಿ ಮತ್ತೆ ನೋಡಿದೆ. ಮೊದಲನೆಯವನು ನಾನೇ. ಕೆಳಕ್ಕೆ ಬಂದೆ: ಐದು ಹೆಸರು, ಅದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಸೀನಾ. ಐದನೆಯವರಿಗೂ ಅವಳಿಗೂ ನಡುವೆ ಇದ್ದ ಅಂತರ, ನಾನು ಕಾಯಿ ಹಿಡಿದು ಹೋದ ಮನೆಗಳ ಅರ್ಧದಷ್ಟೂ ಇರಲಿಲ್ಲ.

ನಾನು ಗರ ಬಡಿದವನಂತೆ ನಿಂತಿದ್ದಾಗ ಹಿಂದಿನಿಂದ ಯಾರೋ ಕೊರಳಿಗೆ ಏನೋ ಹಾಕಿದರು. ಬಣ್ಣದ ಕಾಗದದ ಚಾಕೊಲೇಟುಗಳನ್ನು ಪೋಣಿಸಿದ ಹಾರ. ಅವರ ಜನ ಸಂತೋಷದ ದಿನ ಕೊರಳಿಗೆ ಹಾಕುವುದು ಇದನ್ನೇ. ಸೀನಾ ನನ್ನನ್ನು ತಬ್ಬಿಕೊಂಡು, "ನೀನು ಮೊದಲನೇ ನಂಬರು ಅಂಕಲ್! ನಮ್ಮ ಚರ್ಚಿನವರೆಲ್ಲ ನಿನಗೆ ಹಾಕಿದ್ರು. ನಾನೇ ಹೇಳಿದ್ದೆ, ಐದೂ ಟಿಕ್ ಹಾಕಿ, ಆ ಟೋಪಿ ಮುದುಕನನ್ನ ಮಾತ್ರ ಮರೀಬೇಡಿ ಅಂತ" ಎಂದಳು.

ಅವಳ ಇನ್ನೊಂದು ಕೈಯಲ್ಲಿ ಅಂಥದೇ ಮತ್ತೊಂದು ಹಾರ ಇತ್ತು. ಅದು ಯಾರಿಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಸಂಜೆ ಮಕ್ಕಳು ಅದನ್ನು ಬಿಚ್ಚಿ ಹಂಚಿಕೊಂಡು ತಿಂದವು.

"ನಾನಿಲ್ಲ ಅಂದ್ರೇನು, ನೀನಿದ್ದೀಯಲ್ಲ" ಎಂದಳು ಹೋಗುವಾಗ. "ರೂಮು ನೋಡ್ಕೋ."

ನೋಡಿಕೊಂಡೆ, ಕೇಳಿ, ಹೇಗೆ ನೋಡಿಕೊಂಡೆ ಎಂದು.

ಸಭೆ ಟೀಚರುಗಳ ಕೋಣೆಯಲ್ಲಿ ಸಂಜೆ ನಡೆಯುತ್ತಿತ್ತು. ಅಧ್ಯಕ್ಷ ಪೀಟರ್ ಎಂಬ ಪ್ಲಂಬರ್, ಒಳ್ಳೆಯ ಮನುಷ್ಯ. ಮೊದಲ ದಿನ ಅವನೇ ನನಗೆ ಟೀ ಮಾಡಿ ಕೊಟ್ಟ. ಸಭೆ ಮುಗಿದ ಮೇಲೆ ಪ್ರಿನ್ಸಿಪಾಲರು ಎದ್ದು ಎಲ್ಲರ ಕಪ್ಪು ತೊಳೆದರು. ಆ ಕಪ್ಪುಗಳ ಸದ್ದಿಗೆ ನಾನು ಎಷ್ಟು ತಬ್ಬಿಬ್ಬಾದೆನೆಂದರೆ ಮೊದಲ ಸಭೆಯಲ್ಲಿ ಏನು ಮಾತಾಡಿದರು ಎಂಬುದು ಇವತ್ತಿಗೂ ನೆನಪಿಲ್ಲ.

ಕೊಠಡಿಯ ವಿಷಯ ಅದರ ಮುಂದಿನ ಸಭೆಗೆ ಬಂತು. ಪೀಟರ್ ವಿವರಿಸಿದ: ಚಾವಣಿ ಸೋರುತ್ತಿದೆ, ಗೋಡೆಗೆ ಬೂಷ್ಟು ಹಿಡಿದಿದೆ, ರಿಪೇರಿಗೆ ಬಹಳ ಹಣ ಬೇಕು, ಬೆಳಿಗ್ಗೆ ರಸ್ತೆಯಲ್ಲಿ ಕಾರುಗಳ ಗಲಾಟೆ, ಕೊಠಡಿ ತೆಗೆದರೆ ಆ ಜಾಗ ಸಿಗುತ್ತದೆ. ಎಲ್ಲವೂ ನನಗೆ ಅರ್ಥವಾಯಿತು. ಇಂಗ್ಲಿಷು ಬರಲಿಲ್ಲ ಎಂಬ ನೆಪ ಹೇಳುವಂತಿಲ್ಲ. ಸದಸ್ಯೆಯಾಗಿದ್ದ ಒಬ್ಬ ತಾಯಿ, "ಹಾಗಾದ್ರೆ ಸಂಜೆ ಮಕ್ಕಳು ಎಲ್ಲಿರಬೇಕು?" ಎಂದು ಕೇಳಿದಳು. ಪೀಟರ್ ನನ್ನ ಕಡೆ ತಿರುಗಿ, "ಗಂಗಾ, ನೀನು ದಿನಾ ಅಲ್ಲಿರ್ತೀಯ. ಏನಂತೀಯ?" ಎಂದ. ಗಂಗಾಧರಯ್ಯ ಎನ್ನಲು ಬರದೆ ಎಲ್ಲರೂ ನನ್ನನ್ನು ಗಂಗಾ ಮಾಡಿಬಿಟ್ಟಿದ್ದರು.

ಎಲ್ಲರ ಕಣ್ಣೂ ನನ್ನ ಮೇಲೆ. ನಾನು ನಕ್ಕು, "ಯು ನೋ ಬೆಸ್ಟ್ ಸರ್" ಎಂದೆ.

ನಮ್ಮ ಸಂಘದಲ್ಲಿ ಒಂದು ರೀತಿ ಇತ್ತು. ಸಭೆಯಲ್ಲಿ ಅಧ್ಯಕ್ಷರ ಮಾತು ತೆಗೆದುಹಾಕಬಾರದು. ಎದುರು ಕೈಯೆತ್ತುವುದು ಅವರ ಮುಖಕ್ಕೆ ಹೊಡೆದ ಹಾಗೆ. ಎಲ್ಲ ನಿರ್ಣಯವೂ ಸರ್ವಾನುಮತ. ನಮಗೇನಾದರೂ ಬೇರೆ ಆಗಬೇಕಿದ್ದರೆ ಮಾರನೆಯ ದಿನ ಅವರ ಮನೆಗೆ ಹೋಗಿ, ಜಗುಲಿಯಲ್ಲಿ ಕೂತು, ಕಾಫಿ ಕುಡಿದು, 'ಅದು ಸ್ವಲ್ಪ ಹಿಂಗೆ ಮಾಡಿದರೆ ಹೆಂಗೆ' ಎಂದರೆ, ಅವರು 'ಆಯ್ತು, ಹಂಗೇ ಮಾಡು' ಎನ್ನುತ್ತಿದ್ದರು. ನಿಜವಾದ ಸಭೆ ನಡೆಯುತ್ತಿದ್ದದ್ದು ಜಗುಲಿಯಲ್ಲಿ. ಮೂವತ್ತು ವರ್ಷ ಹಾಗೆ ನಡೆಸಿದವನಿಗೆ ಲೋಕವೆಲ್ಲ ಹಾಗೇ ಎನಿಸಿದರೆ ಆಶ್ಚರ್ಯವೇನು?

ಪರವಾಗಿರುವವರು ಕೈಯೆತ್ತಿ ಎಂದ ಪೀಟರ್. ಅವನ ಕೈ ಎದ್ದಿತು, ಇನ್ನಿಬ್ಬರದು ಎದ್ದಿತು, ನನ್ನದೂ ಎದ್ದಿತು. ವಿರೋಧ ಎಂದಾಗ ಮೂರು ಕೈ: ಆ ತಾಯಿಯದು, ಟೀಚರುಗಳ ಪ್ರತಿನಿಧಿಯದು, ಮತ್ತೆ ಪ್ರಿನ್ಸಿಪಾಲರದು. ಪ್ರಿನ್ಸಿಪಾಲರೇ ಅಧ್ಯಕ್ಷರ ಎದುರು ಕೈಯೆತ್ತಿದ್ದು ನೋಡಿ ನಾನು, ಪಾಪ, ಈಯಮ್ಮನ ಕೆಲಸ ಹೋಯಿತಲ್ಲ ಎಂದು ಮರುಗಿದೆ.

ಮಾರನೆಯ ದಿನ ಕೊಬ್ಬರಿ ಮಿಠಾಯಿಯ ಡಬ್ಬಿ ಹಿಡಿದು ಪೀಟರನ ಮನೆಗೆ ಹೋದೆ. ಅವನು ತನ್ನ ಯೂಟ್ ತೊಳೆಯುತ್ತಿದ್ದ. ಹಿಂಭಾಗದಲ್ಲಿ ಕೊಳವೆ, ಪೈಪು ಹೇರಿಕೊಂಡು ತಿರುಗುವ ಗಾಡಿ ಅದು. ಮಿಠಾಯಿ ತಿಂದು, ಚೆನ್ನಾಗಿದೆ ಎಂದು ಇನ್ನೊಂದು ತೆಗೆದುಕೊಂಡ. ಇದೇ ಹೊತ್ತು ಎಂದು ನಾನು ನಿಧಾನವಾಗಿ, "ಆ ರೂಮಿನ ವಿಷಯ, ಅದನ್ನ ಬಿಟ್ಟುಬಿಡೋಣ ಸರ್" ಎಂದೆ.

ಪೀಟರನ ಕೈಯಲ್ಲಿದ್ದ ನೀರಿನ ಪೈಪು ಸುಮ್ಮನೆ ಹುಲ್ಲಿನ ಮೇಲೆ ಸುರಿಯುತ್ತಿತ್ತು. "ಆದ್ರೆ ನೀನು ಅದರ ಪರ ವೋಟು ಹಾಕಿದೆಯಲ್ಲ, ಮೇಟ್?"

"ಅದು ಸಭೆಗೋಸ್ಕರ ಎತ್ತಿದ ಕೈ."

ಅವನಿಗೆ ಕೋಪ ಬರಲಿಲ್ಲ. ಬಂದಿದ್ದರೆ ನಾನು ಬದುಕುತ್ತಿದ್ದೆ. ಅವನು ನಿಜವಾಗಿಯೂ ಬೆರಗಾಗಿ, ಮಗುವಿನ ಹಾಗೆ ಕೇಳಿದ: "ಹಾಗಾದ್ರೆ ನಿನ್ನ ನಿಜವಾದ ಕೈ ಯಾವುದು?"

ಆಮೇಲೆ ಹೇಳಿದ, "ನಿನ್ನೆ ನಾನು ನಿನ್ನನ್ನೇ ನೋಡ್ತಿದ್ದೆ ಗಂಗಾ. ನನಗೂ ಗಟ್ಟಿ ಮನಸ್ಸಿರಲಿಲ್ಲ. ನೀನು ಬೇಡ ಅಂದಿದ್ರೆ ಮುಂದಕ್ಕೆ ಹಾಕ್ತಿದ್ದೆ. ಈಗ ಪಾಸಾಗಿದೆ. ಲಾರಿಯವರಿಗೂ ಹೇಳಿಯಾಯ್ತು."

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಮಿಠಾಯಿ ಡಬ್ಬಿ ಅಲ್ಲೇ ಬಿಟ್ಟು ಬಂದಿದ್ದೆ.

ನಮ್ಮ ಕಡೆ ಮನೆ ಕೆಡವುತ್ತಾರೆ. ಹೆಂಚು, ತೊಲೆ, ಮಣ್ಣು, ಎಲ್ಲ ರಾಶಿಯಾಗಿ ಬೀಳುತ್ತದೆ. ಇಲ್ಲಿ ಹಾಗಲ್ಲ. ಉದ್ದನೆಯ ಲಾರಿ ಬಂತು. ಇಡೀ ಕೊಠಡಿಯನ್ನು, ಬಾಗಿಲು ಕಿಟಕಿ ಸಮೇತ, ಮಕ್ಕಳು ಗಾಜಿಗೆ ಅಂಟಿಸಿದ್ದ ಕಾಗದದ ಮೀನುಗಳ ಸಮೇತ, ಎತ್ತಿ ಲಾರಿಯ ಮೇಲೆ ಕೂರಿಸಿಕೊಂಡು ಹೋದರು. ನಾವು ದಿನಾ ಕೂರುತ್ತಿದ್ದ ಮನೆ ಬೀದಿಯಲ್ಲಿ ನಡೆದು ಹೋಗುವುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮಕ್ಕಳು ಅದಕ್ಕೆ ಟಾಟಾ ಮಾಡಿದವು. ಸೀನಾ ಗೇಟಿನ ಹತ್ತಿರ ನಿಂತಿದ್ದಳು. ಕಿವಿಯ ಮೇಲೆ ಹೂವಿರಲಿಲ್ಲ.

ಅವಳು ಒಂದಷ್ಟು ಮಕ್ಕಳನ್ನು ತನ್ನ ಮನೆಗೇ ಕರೆದುಕೊಂಡು ಹೋಗತೊಡಗಿದಳು. ಆದರೆ ಅವಳ ಬಾಡಿಗೆ ಮನೆಯ ಹಾಲಿನಲ್ಲಿ ಎಷ್ಟು ಮಕ್ಕಳು ಹಿಡಿಸುತ್ತಾರೆ? ಸವಿತಾ ಕಾರ್ಖಾನೆ ಬಿಟ್ಟಳು. ಅನುವಿಗೆ ನಾನಿದ್ದೆ ಎನ್ನಿ. ಆದರೂ ಒಂದು ವಿಚಿತ್ರ ಗಮನಕ್ಕೆ ಬಂತು. ಶಾಲೆಯ ಗೇಟಿನಲ್ಲಿ ಸೀನಾ ಕಂಡರೆ ಶೈಲಾ ಕಾರಿನಿಂದ ಇಳಿಯುತ್ತಿರಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ.

ಅವಳು ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದಳು: "ಯಾವ ಮುಖ ಇಟ್ಕೊಂಡು ಇಳೀಲಪ್ಪಾ? ನಂಗೆ ಜ್ವರ ಬಂದಾಗ ಅನೂನ ರಾತ್ರಿ ತನ್ನ ಮನೇಲಿ ಮಲಗಿಸ್ಕೊಂಡವಳು. ಅವಳ ಹೆಸರಿನ ಮುಂದೆ ಪೆನ್ನು ಹಿಡ್ಕೊಂಡು ಕೂತಿದ್ದೆ. ಖಾಲಿ ಬಿಟ್ಟೆ. ನಿನ್ನ ಕಾಯಿ ಮುಟ್ಟಿದ್ನಲ್ಲ. ಅಮ್ಮ ಇದ್ದಿದ್ರೆ ನೀನು ಅವಳ ಹತ್ರ ಹಂಗೆ ಮಾಡಿಸ್ತಿದ್ಯಾ?"

ಮಗಳು ನನ್ನ ಮುಂದೆ ಅಳುವುದನ್ನು ನಾನು ನೋಡಿದ್ದು ಅವಳ ತಾಯಿ ಹೋದ ದಿನ. ಅದಾದ ಮೇಲೆ ಇದೇ. ಸೋತವಳು ಸೀನಾ ಒಬ್ಬಳೇ ಎಂದುಕೊಂಡಿದ್ದೆನಲ್ಲ, ಅದೂ ಸುಳ್ಳಾಯಿತು.

ಅವತ್ತು ಸಂಜೆಯೇ ಸೀನಾಳ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ಒಂದು ಗಿಡ್ಡ ಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ನಮ್ಮ ತುರಿಮಣೆಯ ಅಕ್ಕನ ಹಾಗಿತ್ತು ಅದು. ನಿಂತುಕೊಂಡೇ ಎಲ್ಲ ಹೇಳಿದೆ. ಕಾಯಿ, ಸಿಂಗಲ್ ಓಟು, ಮೇಲೆತ್ತಿದ ಕೈ, ಮಿಠಾಯಿ. ಅವಳು ತುರಿಯುವುದನ್ನು ನಿಲ್ಲಿಸಲಿಲ್ಲ. ಸೋತದ್ದು ಕೇಳಿದಾಗಲೂ ನಿಲ್ಲಿಸಲಿಲ್ಲ. ಆಣೆಯ ಮಾತು ಬಂದಾಗ ಮಾತ್ರ ಕೈ ನಿಂತಿತು.

"ದೇವರ ಮುಂದೆ?" ಎಂದಳು.

"ಹೂಂ."

"ಮಕ್ಕಳ ಶಾಲೆ ಚುನಾವಣೆಗೆ, ದೇವರನ್ನ ಕರ್ಕೊಂಡು ಬಂದು ಸಾಕ್ಷಿ ನಿಲ್ಲಿಸಿದೆಯಾ? ನನ್ನ ಹೆಸರು ಬಿಡಿಸೋದಕ್ಕೆ?"

"ನೀನು ಹೇಗೂ ಗೆಲ್ತೀಯ ಅಂತ..."

"ನಾನು ಗೆಲ್ಲೋದು ಸೋಲೋದು ಬಿಡು." ಅವಳ ದನಿ ಏರಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಹಾಲಿನಲ್ಲಿದ್ದ ಮಕ್ಕಳು ತೆಪ್ಪಗಾದವು. "ನಿನ್ನ ಮಗಳು, ನಿಮ್ಮ ಕಡೆ ಹುಡುಗಿಯರು ನನ್ನ ಕಂಡ್ರೆ ಯಾಕೆ ಮುಖ ತಿರುಗಿಸ್ತಾರೆ ಅಂತ ನಾನು ಎಷ್ಟು ದಿನ ಪ್ರಾರ್ಥನೆ ಮಾಡಿದೆ ಗೊತ್ತಾ? ನಾನೇನು ತಪ್ಪು ಮಾಡಿದೆ, ಅವರ ಮಕ್ಕಳಿಗೆ ಏನಾದ್ರೂ ಅಂದ್ನಾ ಅಂತ!"

"ರಾಜೀನಾಮೆ ಕೊಡ್ತೀನಿ. ಆ ಜಾಗಕ್ಕೆ ನೀನು ಬಾ."

"ಅದೇನು ನಿನ್ನ ತೆಂಗಿನಕಾಯಾ, ನನ್ನ ಕೈಗೆ ಕೊಡೋಕೆ? ಕೂತ್ಕೋ ಅಲ್ಲೇ. ಕೂತು ಬಾಯಿ ತೆಗೆಯೋದು ಕಲಿ." ಮತ್ತೆ ತುರಿಯತೊಡಗಿದಳು. "ಮೊದಲು ಹೋಗಿ ಅವರನ್ನೆಲ್ಲ ಬಿಚ್ಚು. ಕಟ್ಟಿದವನು ನೀನು, ಬಿಚ್ಚೋನೂ ನೀನೇ."

ಹೋದೆ. ಅದೇ ಮನೆಗಳು, ಅದೇ ಬಾಗಿಲುಗಳು. ಬರಿಗೈಯಲ್ಲಿ ಹೋಗುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. 'ನಾನು ಮಾಡಿಸಿದ್ದು ತಪ್ಪು. ಆ ಮಾತು ಮುಗಿಯಿತು. ನಿಮ್ಮ ಮೇಲೆ ಏನೂ ಇಲ್ಲ' ಎಂದು ಹೇಳುತ್ತಾ ಹೋದೆ. ಕೆಲವರು, 'ಅದನ್ನ ಇನ್ನೂ ಇಟ್ಕೊಂಡಿದ್ದೀರಾ ಅಂಕಲ್!' ಎಂದು ನಕ್ಕರು. ಕೆಲವರು ನಗಲಿಲ್ಲ.

ಸವಿತಾಳಿಗೆ ಹೇಳಿದಾಗ ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಅಂಕಲ್, ನಾ ತಪ್ಪೀನ್ರೀ. ಕಾಯಿ ಮುಟ್ಟಿ ಮ್ಯಾಲೂ ಸೀನಾ ಆಂಟಿಗೆ ಹಾಕ್ದೇರಿ. ಮನಸ್ ಕೇಳ್ಲಿಲ್ಲ. ಮುಂದ ರೂಮ್ ಹೋತು, ನನ್ನ ಕೆಲಸ ಹೋತು, ಹುಡುಗ್ಗ ಮ್ಯಾಲಿಂದ ಮ್ಯಾಲೆ ಕೆಮ್ಮ. ದಿನಾ ದೀಪಾ ಹಚ್ಚುವಾಗ ಕೈ ನಡಗ್ತಾವ್ರಿ. ಯಾರ ಮುಂದ ಹೇಳ್ಲಿ? ನಿಮ್ಮ ಮುಂದ ಹೇಳೂ ಹಂಗಿಲ್ಲ."

ನಾನು ಬೆಚ್ಚಿಬಿದ್ದೆ. ಇಷ್ಟೂ ಮನೆಗಳಲ್ಲಿ ಸರಿಯಾದ ಕೆಲಸ ಮಾಡಿದವಳು ಇವಳೊಬ್ಬಳೇ ಇರಬೇಕು. ದೇವರಿಗೆ ಹೆದರಿ ಬದುಕಿದವಳೂ ಇವಳೊಬ್ಬಳೇ. ನಾನು ಅವಳೆದುರು ಮೆಟ್ಟಿಲ ಮೇಲೆ ಕೂತೆ. ಕೈಮುಗಿದೆ. "ಅಂಕಲ್, ಬ್ಯಾಡ್ರೀ, ವಯಸ್ಸಾದವ್ರು" ಎಂದು ಅವಳು ನನ್ನ ಕೈ ಬಿಡಿಸುವಾಗಲೂ ಅವಳ ಕಣ್ಣು ಒಳಗಿನ ದೇವರ ಪಟದ ಮೇಲೇ ಇತ್ತು. ನಾನು ಬಿಚ್ಚಿದೆ ಎಂದದ್ದಕ್ಕೆ ಅದು ಅಷ್ಟು ಬೇಗ ಬಿಚ್ಚಿಕೊಳ್ಳಲಿಲ್ಲ ಎಂದು ನನಗೆ ಗೊತ್ತಾಯಿತು. ನಮ್ಮಪ್ಪ ಜಗುಲಿಯಿಂದ ನನ್ನನ್ನು ಯಾಕೆ ಕಳಿಸುತ್ತಿದ್ದರೋ, ಅದೂ.

ಬೋರ್ಡಿನಲ್ಲಿ ಅವಧಿ ಮುಗಿಯುವವರೆಗೆ ಕೂತೆ. ಮೊದಲ ಸಲ 'ಇಲ್ಲ' ಎಂದು ಕೈಯೆತ್ತಿದ್ದು ಬೇಲಿಗೆ ಹಸಿರು ಬಣ್ಣ ಬಳಿಯುವ ವಿಷಯಕ್ಕೆ. ಹಸಿರಿನ ಮೇಲೆ ನನಗೆ ದ್ವೇಷವೇನೂ ಇರಲಿಲ್ಲ. ಕೈಗೆ ಅಭ್ಯಾಸವಾಗಲಿ ಎಂದು. ಬೆವತುಹೋಗಿದ್ದೆ. ಪೀಟರ್, "ಗುಡ್ ಆನ್ ಯಾ, ಗಂಗಾ" ಎಂದು ಬೆನ್ನು ತಟ್ಟಿ, ಬೇಲಿಗೆ ಹಸಿರು ಬಣ್ಣವನ್ನೇ ಬಳಿಸಿದ. ಸಂಜೆ ಮಕ್ಕಳಿಗೆ ಜಾಗ ಬೇಕೆಂದು ಆಮೇಲೆ ಎಷ್ಟೋ ಸಭೆಗಳಲ್ಲಿ ಬಾಯಿ ತೆಗೆದೆ. ಕೇಳಿದರು, ಬರೆದುಕೊಂಡರು. ಕೊಠಡಿ ಇದ್ದ ಕಡೆ ಕಾರುಗಳು ನಿಲ್ಲುತ್ತಿದ್ದವು.

ಶೈಲಾ ಒಂದು ದಿನ ಕಾರಿನಿಂದ ಇಳಿದು ಸೀನಾಳ ಹತ್ತಿರ ಹೋದಳು. ಏನು ಮಾತಾಡಿಕೊಂಡರೋ ನನಗೆ ಹೇಳಲಿಲ್ಲ. ಸೀನಾ ಅವಳ ತಲೆ ಸವರಿದ್ದು ದೂರದಿಂದ ಕಂಡಿತು. ನನ್ನ ಕಡೆ ಮಾತ್ರ ಸೀನಾ ನೋಡಲಿಲ್ಲ. ಹಲೋ ಎಂದರೆ ಹಲೋ, ಅಷ್ಟೇ. ಅಂಕಲ್ ಎನ್ನುವುದನ್ನು ಬಿಟ್ಟಿದ್ದಳು.

ಹೀಗೇ ಬಹಳ ದಿನ ಕಳೆದ ಮೇಲೆ ಒಂದು ಶನಿವಾರ. ಅದೇ ತರಕಾರಿ ಅಂಗಡಿ, ಅದೇ ತಂತಿ ಬುಟ್ಟಿ. ನಾನು ಈ ಬದಿ, ಅವಳು ಆ ಬದಿ. ಇಬ್ಬರ ಕೈಯಲ್ಲೂ ಕಾಯಿ. ನಾನು ಮೆಲ್ಲಗೆ ಬಾಳೆಹಣ್ಣಿನ ಕಡೆ ಸರಿಯಬೇಕೆಂದಿದ್ದೆ. ಅವಳು ಒಂದು ಕಾಯಿಯನ್ನು ಎರಡು ಸಲ ಅಲ್ಲಾಡಿಸಿ, ಹುಬ್ಬು ಗಂಟು ಹಾಕಿ, ಬುಟ್ಟಿಯ ಮೇಲಿಂದ ನನ್ನ ಕಡೆ ಚಾಚಿದಳು.

"ಇದು ಹೇಗಿದೆ, ಅಂಕಲ್?"

ತೆಗೆದುಕೊಂಡು ಕಿವಿಗೆ ಹಿಡಿದೆ. ಅಂಗಡಿಯ ಬಿಲ್ಲಿನ ಯಂತ್ರದ 'ಟುಂಯ್ ಟುಂಯ್' ಸದ್ದಿನ ನಡುವೆ ಒಳಗೆ ನೀರು ಅಲುಗಿದ ಹಾಗಿತ್ತು. ಚೆನ್ನಾಗಿರುವಂತಿತ್ತು. 'ದೇವರಾಣೆಗೂ ಒಳ್ಳೇದು' ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡೆ.

"ಗೊತ್ತಿಲ್ಲ" ಎಂದೆ. "ಒಡೆದು ನೋಡಬೇಕು."

ಅವಳು ಆ ಕಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡು ಹೋದಳು.